ಅರ್ಧ ಅಂಗುಲದ ಹೊಣೆ

ಪತ್ರಿಕೆಯೊಂದು ನಿಂತುಹೋದಾಗ ಓದುಗರಿಗೆ ಆಗುವ ವ್ಯಥೆ ಒಂದು ತೆರನಾದದ್ದು. ನಿಲ್ಲದೆ, ಅದೇ ಹೆಸರನ್ನೂ ಅದೇ ಅಕ್ಷರವಿನ್ಯಾಸವನ್ನೂ ರಕ್ಷಾಪುಟದ ಮೇಲೆ ಧರಿಸಿಕೊಂಡು, ತಿಂಗಳು ತಪ್ಪದೆ ಮನೆಬಾಗಿಲಿಗೆ ಬರುತ್ತಿದ್ದು, ಒಳಗಿನ ಸತ್ತ್ವವನ್ನು ಮಾತ್ರ ವರ್ಷದಿಂದ ವರ್ಷಕ್ಕೆ ಕಳೆದುಕೊಳ್ಳುತ್ತ ಹೋದಾಗ ಆಗುವ ವ್ಯಥೆ ಮತ್ತೊಂದು ತೆರನಾದದ್ದು. ಮೊದಲನೆಯದನ್ನು ಕಾಲ ಶಮನಗೊಳಿಸುತ್ತದೆ. ಎರಡನೆಯದು ಪ್ರತಿಯೊಂದು ಸಂಚಿಕೆಯೊಡನೆಯೂ ಹೊಸದಾಗಿ ಹುಟ್ಟುತ್ತದೆ. ನನ್ನ ಬಾಳಿನ ಬಹುಭಾಗ ಹೊಲಿಗೆಯನ್ನು ಕಲಿಯುವುದರಲ್ಲಿಯೂ ಕಲಿಸುವುದರಲ್ಲಿಯೂ ಸಂದಿರುವುದರಿಂದ, ಸ್ತ್ರೀಯರ ಉಡುಗೆತೊಡುಗೆಗಳಿಗೆ ಮೀಸಲಾದ ಒಂದು ಇಂಗ್ಲಿಷ್ ಮಾಸಪತ್ರಿಕೆಯೊಡನೆ ನನಗೆ ಬೆಳೆದ ಸಂಬಂಧವನ್ನೂ, ಆ ಪತ್ರಿಕೆ ಈಚಿನ ವರ್ಷಗಳಲ್ಲಿ ಇಳಿದಿರುವ ಸ್ಥಿತಿಯನ್ನೂ ಕುರಿತು ನಾಲ್ಕು ಮಾತು ಬರೆದಿಡಬೇಕೆಂಬ ಆಸೆ ಬಹುಕಾಲದಿಂದ ಮನಸ್ಸಿನಲ್ಲಿತ್ತು. ಪತ್ರಿಕೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಇದು ಒಂದು ಸಂಸ್ಥೆಯ ಮೇಲಿನ ದೂರಾದೀತು. ಒಂದು ಸತ್ಸಂಪ್ರದಾಯ ನಮ್ಮ ಕಣ್ಣೆದುರಿನಲ್ಲೇ ಕೈತಪ್ಪಿಹೋದ ಸಂಗತಿಯನ್ನು ಹೇಳುವುದಷ್ಟೇ ನನ್ನ ಉದ್ದೇಶ.

ನಾನು ಹುಟ್ಟಿ ಬೆಳೆದ ಊರು ಚಂದಾಪುರ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಆನೇಕಲ್ಲಿನ ರಸ್ತೆ ಕವಲೊಡೆಯುವ ಈ ಸ್ಥಳವನ್ನು ಇಂದು ನೋಡುವವರಿಗೆ, ಎಪ್ಪತ್ತರ ದಶಕದಲ್ಲಿ ಇದು ಕೆರೆಯ ಮಗ್ಗುಲಲ್ಲಿ ರಾಗಿಹೊಲಗಳ ನಡುವೆ ಇದ್ದ ಸಣ್ಣ ಹಳ್ಳಿಯಾಗಿತ್ತೆಂದರೆ ನಂಬುವುದು ಕಷ್ಟ. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು ಕಂಡ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೊಳೆಯಿತು. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕೈಗಾರಿಕಾ ಪ್ರದೇಶಗಳು ಹಬ್ಬಿಕೊಂಡವು. ಈಗ ಬೊಮ್ಮಸಂದ್ರದವರೆಗೆ ಮೆಟ್ರೋ ರೈಲು ಬಂದಿದೆ. ಆದರೆ ಕಾರ್ಖಾನೆಗಳು ಬರುವುದಕ್ಕೆ ಮುಂಚಿನಿಂದಲೂ ನಮ್ಮ ಸೀಮೆಗೆ ಬಟ್ಟೆಯ ನಂಟು ಇತ್ತು. ಆನೇಕಲ್ಲಿನ ಬೀದಿಗಳಲ್ಲಿ ರೇಷ್ಮೆಮಗ್ಗಗಳ ಸದ್ದು ಕೇಳುತ್ತಿತ್ತು. ಸರ್ಜಾಪುರ ಹಿಂದಿನ ಕಾಲದಲ್ಲಿ ನಯವಾದ ಹತ್ತಿಬಟ್ಟೆಗೆ ಹೆಸರಾಗಿದ್ದ ಊರು. ಬೆಂಗಳೂರಿನ ಬಿನ್ನಿ ಮಿಲ್ಲು, ಮಿನರ್ವ ಮಿಲ್ಲುಗಳಲ್ಲಿ ದುಡಿಯುವವರು ಸುತ್ತಲಿನ ಹಳ್ಳಿಗಳಲ್ಲಿಯೂ ಇದ್ದರು. ನನ್ನ ಸೋದರಮಾವ ಬಿನ್ನಿ ಮಿಲ್ಲಿನವರು.

ನಮ್ಮ ತಾಯಿಗೆ ಒಂದು ಕಾಲುಮೆಷಿನ್ನು ಇತ್ತು. ಮುತ್ತಾನಲ್ಲೂರು, ಹೀಲಲಿಗೆ, ಹೆಬ್ಬಗೋಡಿಗಳಿಂದ ಹೆಣ್ಣುಮಕ್ಕಳು ರವಿಕೆಯ ಬಟ್ಟೆಯನ್ನು ತಂದುಕೊಡುತ್ತಿದ್ದರು. ಹುಸ್ಕೂರು ಮದ್ದೂರಮ್ಮನ ಜಾತ್ರೆ ಹತ್ತಿರ ಬಂದಾಗ, ಎತ್ತರದ ತೇರುಗಳನ್ನು ಕಟ್ಟುವ ಗಂಡಸರ ಗಡಿಬಿಡಿಗಿಂತ ನಮ್ಮ ಮನೆಯ ನಡುಮನೆಯಲ್ಲಿ ಲಂಗ, ರವಿಕೆ, ಫ್ರಾಕುಗಳ ಗಡಿಬಿಡಿಯೇ ಹೆಚ್ಚಾಗಿರುತ್ತಿತ್ತು. ಈ ಮನೆಗೆ ಆ ಪತ್ರಿಕೆ ಬಂದದ್ದು ಮಾವನ ಮೂಲಕ. ಅವೆನ್ಯೂ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಹಳೆಯ ಪುಸ್ತಕಗಳ ರಾಶಿಯಲ್ಲಿ ಬಿದ್ದಿದ್ದ ಸಂಚಿಕೆಯೊಂದನ್ನು, ಒಳಗೆ ಮಡಚಿಟ್ಟ ದೊಡ್ಡ ನಕ್ಷೆಯ ಹಾಳೆಯನ್ನು ಕಂಡು, ತಂಗಿಗೆ ಉಪಯೋಗವಾದೀತೆಂದು ಅವರು ಕೊಂಡು ತಂದರು. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಂಕಿಗಳು ಬರುತ್ತಿದ್ದವು, ಗೆರೆಗಳು ಅರ್ಥವಾಗುತ್ತಿದ್ದವು. ಅಷ್ಟರಿಂದಲೇ ಅವರು ಆ ಹಾಳೆಯನ್ನು ಓದಿದರು.

ಆ ಹಾಳೆಯನ್ನು ಕಾಣದವರಿಗೆ ಅದರ ಸ್ವರೂಪವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಬಿಚ್ಚಿ ಹರಡಿದರೆ ಚಾಪೆಯ ಅರ್ಧವನ್ನು ಮುಚ್ಚುವಷ್ಟು ವಿಸ್ತಾರವಾದ ತೆಳುಗಾಗದ. ಅದರ ಎರಡು ಮಗ್ಗುಲಲ್ಲಿಯೂ ಕಪ್ಪು, ಕೆಂಪು, ನೀಲಿ ಗೆರೆಗಳು ಒಂದರ ಮೇಲೊಂದು ಹಾದು, ಮೊದಲ ನೋಟಕ್ಕೆ ದಾರಿಗಾಣದ ಗೋಜಲಿನಂತೆ ತೋರುತ್ತಿದ್ದವು. ಆದರೆ ಒಂದೊಂದು ಗೆರೆಗೂ ಒಂದೊಂದು ಗುರುತು ಇತ್ತು. ಇಡಿಯಾದ ಗೆರೆ ಒಂದು ಅಳತೆಗೆ, ತುಂಡುಗೆರೆ ಮತ್ತೊಂದಕ್ಕೆ, ಚುಕ್ಕಿಗೆರೆ ಇನ್ನೊಂದಕ್ಕೆ. ಅಂಚಿನಲ್ಲಿದ್ದ ಅಂಕಿಯಿಂದ ಬೆರಳನ್ನು ಜಾರಿಸಿಕೊಂಡು ಹೋದರೆ ಬೇಕಾದ ಉಡುಪಿನ ಬೆನ್ನು, ಎದೆ, ತೋಳು, ಕಾಲರುಗಳು ಒಂದೊಂದಾಗಿ ಕಣ್ಣಿಗೆ ಬೀಳುತ್ತಿದ್ದವು. ಅಮ್ಮ ಹಳೆಯ ಪ್ರಜಾವಾಣಿಯ ಹಾಳೆಗಳನ್ನು ಗಂಜಿಯಿಂದ ಅಂಟಿಸಿ, ಅದರ ಮೇಲೆ ನಕ್ಷೆಯನ್ನು ಹರಡಿ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚುತ್ತ ಹೋಗುತ್ತಿದ್ದರು. ಮೇಲಿನ ಹಾಳೆಯನ್ನು ತೆಗೆದರೆ ಕೆಳಗಿನ ವಾರ್ತೆಗಳ ನಡುವೆ ತೋಳಿನ ಬಾಗು ಚುಕ್ಕಿಚುಕ್ಕಿಯಾಗಿ ಮೂಡಿರುತ್ತಿತ್ತು. ಬಳಿಕ ಅದನ್ನು ನಮ್ಮವರ ಮೈಗೆ ಹೊಂದಿಸುವ ಕೆಲಸ. ಎದೆಯಳತೆಯ ನಾಲ್ಕನೆಯ ಒಂದು ಭಾಗಕ್ಕೆ ಇಷ್ಟು ಸಡಿಲ, ಹೆಗಲು ಇಷ್ಟು ಕಿರಿದು, ಹೊಲಿಗೆಗೆ ಇಷ್ಟು ಬಿಡಬೇಕು, ಬಟ್ಟೆಯ ಎಳೆ ನೆಟ್ಟಗೆ ಬರಬೇಕು, ಪೈಪಿಂಗಿಗೆ ಬೇಕಾದ ಪಟ್ಟಿಯನ್ನು ಮಾತ್ರ ಕ್ರಾಸಿನಲ್ಲಿ ಕತ್ತರಿಸಬೇಕು ಎಂಬ ವಿವೇಚನೆಯೆಲ್ಲ ಆ ಚುಕ್ಕಿಗಳ ಮೇಲೆ ನಡೆಯುತ್ತಿತ್ತು.

ಆ ಪತ್ರಿಕೆಯ ಮೇಲೆ ನನಗೆ ಗೌರವ ಹುಟ್ಟಿದ ಸಂದರ್ಭ ಇಂದಿಗೂ ಸ್ಪಷ್ಟವಾಗಿ ನೆನಪಿದೆ. ನಾನು ಪ್ರೌಢಶಾಲೆಗೆ ಸೇರಿ ಇಂಗ್ಲಿಷನ್ನು ಕೂಡಿಸಿಕೊಂಡು ಓದುವಷ್ಟಾದ ಮೇಲೆ, ಚಿತ್ರಗಳ ಕೆಳಗಿನ ಬರಹವನ್ನು ಅಮ್ಮನಿಗೆ ಓದಿಹೇಳುವುದು ನನ್ನ ಪಾಲಿನ ಕೆಲಸವಾಯಿತು. ಒಂದು ಸಂಚಿಕೆಯಲ್ಲಿ, ಹಿಂದಿನ ತಿಂಗಳ ಹಾಳೆಯಲ್ಲಿದ್ದ ಒಂದು ಉಡುಪಿನ ತೋಳಿನ ಗೆರೆ ಅರ್ಧ ಅಂಗುಲ ಕಡಿಮೆಯಾಗಿ ಅಚ್ಚಾಗಿದೆಯೆಂದೂ, ಕತ್ತರಿಸುವ ಮುನ್ನ ಅದನ್ನು ತಿದ್ದಿಕೊಳ್ಳಬೇಕೆಂದೂ ಒಂದು ಚೌಕದೊಳಗೆ ಪ್ರಕಟವಾಗಿತ್ತು. ಅಷ್ಟಕ್ಕೇ ನಿಲ್ಲದೆ, ಈಗಾಗಲೇ ಬಟ್ಟೆಯನ್ನು ಕತ್ತರಿಸಿಬಿಟ್ಟವರು ಕಂಕುಳ ಬಳಿ ಸಣ್ಣ ತುಂಡೊಂದನ್ನು ಕೂಡಿಸಿ ಆ ಕೊರತೆಯನ್ನು ಹೇಗೆ ತುಂಬಿಕೊಳ್ಳಬಹುದೆಂಬುದನ್ನು ಪುಟ್ಟ ಚಿತ್ರವೊಂದರ ಸಹಿತ ತೋರಿಸಿದ್ದರು. ನಾನು ಓದಿ ಮುಗಿಸಿದಾಗ ಅಮ್ಮ ಮೆಷಿನ್ನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿ, "ತಪ್ಪಾಯ್ತು ಅಂತ ಅಚ್ಚು ಹಾಕವ್ರಲ್ಲ ಮಗ, ಇವ್ರನ್ನ ನಂಬಬೌದು" ಎಂದರು.

ಆ ಮಾತಿನ ಪೂರ್ಣಾರ್ಥ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಅನಂತರ. ಅರ್ಧ ಅಂಗುಲವನ್ನು ತಿದ್ದುವ ಸಂಪಾದಕನಿಗೆ ತನ್ನ ಓದುಗಾರ್ತಿ ಯಾರೆಂಬುದು ಗೊತ್ತಿದೆ. ಎಲ್ಲಿಯೋ ಒಂದು ಮನೆಯಲ್ಲಿ ಒಬ್ಬ ಹೆಂಗಸು ಕೂಡಿಟ್ಟ ಹಣದಿಂದ ಕೊಂಡ ಎರಡು ಗಜ ವಾಯಿಲನ್ನು ನೆಲದ ಮೇಲೆ ಹರಡಿ, ತನ್ನ ಪತ್ರಿಕೆಯನ್ನು ನಂಬಿ ಕತ್ತರಿ ಆಡಿಸಲಿದ್ದಾಳೆಂಬ ಚಿತ್ರ ಅವನ ಮನಸ್ಸಿನಲ್ಲಿದೆ. ಒಮ್ಮೆ ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ. ಆದಕಾರಣ ಅವನ ಮಾತಿಗೆ ಹೊಣೆಯುಂಟು. ಪತ್ರಿಕೆಯ ಉಳಿದೆಲ್ಲ ಗುಣಗಳೂ ಈ ಹೊಣೆಯಿಂದಲೇ ಹುಟ್ಟುತ್ತಿದ್ದವು. ಚಿತ್ರದಲ್ಲಿನ ಬಟ್ಟೆ ಯಾವುದು, ಕೇಂಬ್ರಿಕ್ಕೋ ಪಾಪ್ಲಿನ್ನೋ ರುಬಿಯಾವೋ, ಎಷ್ಟು ಅಗಲದ್ದು ಎಷ್ಟು ಬೇಕು, ಮೊದಲು ನೀರಿನಲ್ಲಿ ನೆನೆಸಬೇಕೆ ಬೇಡವೆ ಎಂಬುದನ್ನೆಲ್ಲ ಅವರು ತಪ್ಪದೆ ಬರೆಯುತ್ತಿದ್ದರು. ನೂಲು, ನೇಯ್ಗೆ, ಬಣ್ಣಗಳ ಮೇಲೆ ಪ್ರತಿ ಸಂಚಿಕೆಯಲ್ಲಿಯೂ ಒಂದು ಲೇಖನವಿರುತ್ತಿತ್ತು. ಮಗ್ಗದ ಮುಂದೆ ಕುಳಿತವನ ಕೈಯನ್ನು ತೋರಿಸುವ ಚಿತ್ರಕ್ಕೆ ಚೆಲುವೆಯ ಮುಖದಷ್ಟೇ ಸ್ಥಳ ದೊರೆಯುತ್ತಿತ್ತು. ಓದುಗರ ಪತ್ರಗಳಿಗೆ ಉತ್ತರ ಕೊಡುವ ಅಂಕಣವೂ ಇತ್ತು. ತೆಳುವಾದ ವಾಯಿಲಿನಲ್ಲಿ ಉಬ್ಬುತೋಳು ಹೊಲಿದರೆ ಒಗೆದ ಮೇಲೆ ಕುಸಿದುಬೀಳುತ್ತದೆ, ಏನು ಮಾಡಬೇಕೆಂದು ಅಮ್ಮನ ಪರವಾಗಿ ನಾನು ತೊದಲು ಇಂಗ್ಲಿಷಿನಲ್ಲಿ ಬರೆದ ಕಾರ್ಡಿಗೆ, ಒಳಗೆ ಆರ್ಗಂಡಿಯ ಪಟ್ಟಿಯನ್ನು ಕೊಟ್ಟು ನೆರಿಗೆ ಹಿಡಿಯಬೇಕೆಂಬ ಸಮಾಧಾನ ಅಚ್ಚಾಗಿ ಬಂದಾಗ, ಚಂದಾಪುರವೆಂಬ ಊರಿನ ಹೆಸರನ್ನು ಆ ಪುಟದಲ್ಲಿ ಕಂಡು ನಾವೆಲ್ಲ ಸಂತೋಷಪಟ್ಟೆವು.

ಇದು ಆ ಒಂದು ಪತ್ರಿಕೆಯ ಪ್ರತ್ಯೇಕ ಗುಣವೇನೂ ಆಗಿರಲಿಲ್ಲ. ವಸ್ತ್ರವಿನ್ಯಾಸದ ಪತ್ರಿಕೆಗಳು ಹುಟ್ಟಿದ್ದೇ ಈ ಧರ್ಮದೊಡನೆ. ಅಮೆರಿಕದಲ್ಲಿ ಎಬನೀಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ಅಳತೆವಾರಿಯಾದ ಕಾಗದದ ಮಾದರಿಗಳನ್ನು ಮಾರಲಾರಂಭಿಸಿ, ಆ ಮಾದರಿಗಳನ್ನು ಪ್ರಚಾರಪಡಿಸುವುದಕ್ಕಾಗಿಯೇ ಪತ್ರಿಕೆಗಳನ್ನು ಹೊರಡಿಸಿದನು. 1867ರಲ್ಲಿ ಹುಟ್ಟಿದ 'ಹಾರ್ಪರ್ಸ್ ಬಜಾರ್' ತನ್ನ ಆರಂಭದ ವರ್ಷಗಳಲ್ಲಿ ಮಡಚಿದ ನಕ್ಷೆಹಾಳೆಗಳನ್ನು ಓದುಗರಿಗೆ ಕೊಡುತ್ತಿತ್ತು. ಯುದ್ಧದಿಂದ ಜರ್ಜರಿತವಾಗಿದ್ದ ಜರ್ಮನಿಯಲ್ಲಿ ಎನ್ನೆ ಬುರ್ಡಾ ಎಂಬ ಮಹಿಳೆ 1950ರಲ್ಲಿ ತನ್ನ ಪತ್ರಿಕೆಯನ್ನು ಆರಂಭಿಸಿ, ಸಾಧಾರಣ ಗೃಹಿಣಿಯೂ ತನ್ನ ಕೈಯಿಂದ ಚೆಂದದ ಉಡುಪನ್ನು ಹೊಲಿದು ಉಡಬಹುದೆಂಬ ವಿಶ್ವಾಸವನ್ನು ಲಕ್ಷಾಂತರ ಮನೆಗಳಲ್ಲಿ ಬಿತ್ತಿದಳು. ನಮ್ಮ ದೇಶದಲ್ಲಿ 1947ರಲ್ಲಿ 'ಈವ್ಸ್ ವೀಕ್ಲಿ', 1959ರಲ್ಲಿ 'ಫೆಮಿನಾ' ಹುಟ್ಟಿದವು. ಕನ್ನಡದಲ್ಲಿ ಫ್ಯಾಷನ್ನಿಗೇ ಮುಡಿಪಾದ ದೀರ್ಘಾಯುವಾದ ಪತ್ರಿಕೆ ಬೆಳೆಯದಿದ್ದರೂ, ಸ್ತ್ರೀ ಓದುಗರನ್ನು ಗೌರವದಿಂದ ಕಾಣುವ ಪರಂಪರೆ ನಮ್ಮಲ್ಲಿ ಬಹಳ ಹಿಂದಿನದು. ನಂಜನಗೂಡು ತಿರುಮಲಾಂಬನವರು 'ಕರ್ನಾಟಕ ನಂದಿನಿ'ಯನ್ನು ಹೊರಡಿಸಿದರು, ಆರ್. ಕಲ್ಯಾಣಮ್ಮನವರು 'ಸರಸ್ವತಿ'ಯನ್ನು ನಾಲ್ಕು ದಶಕಗಳ ಪರ್ಯಂತ ನಡೆಸಿದರು. ಮುಂದೆ ಬಂದ ವಾರಪತ್ರಿಕೆ ಮಾಸಪತ್ರಿಕೆಗಳ ಮಹಿಳಾ ಪುಟಗಳಲ್ಲಿ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳನ್ನೂ, ಉಣ್ಣೆಯ ಹೆಣಿಗೆಯನ್ನೂ, ರಂಗವಲ್ಲಿಯ ಎಳೆಗಳನ್ನೂ ಚುಕ್ಕಿ ತಪ್ಪದಂತೆ ಅಚ್ಚುಮಾಡುವ ಶ್ರದ್ಧೆ ಇತ್ತು.

ನಾನು ಹೊಲಿಗೆ ತರಬೇತಿಯನ್ನು ಮುಗಿಸಿ ನಮ್ಮ ತಾಲ್ಲೂಕಿನಲ್ಲಿಯೇ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಟೀಚರಾದ ಮೇಲೆ ಮೊದಲ ಸಂಬಳದಲ್ಲಿ ಆ ಪತ್ರಿಕೆಗೆ ಚಂದಾ ಕಟ್ಟಿದೆ. ಅಮ್ಮನಿಗೆ ಹಳೆಯದಾಗಿ ಸಿಕ್ಕುತ್ತಿದ್ದ ಹಾಳೆ ನನಗೆ ಹೊಸದಾಗಿ, ಮಡಿಕೆ ಮುರಿಯದೆ, ಅಂಚೆಯಲ್ಲಿ ಬರುತ್ತಿತ್ತು. ಅವುಗಳನ್ನು ಗೋಡೆಗೆ ಹಚ್ಚಿ ಹುಡುಗಿಯರಿಗೆ ಪಾಠ ಹೇಳಿದ್ದೇನೆ. ಲೆಕ್ಕವೆಂದರೆ ಬೆವರುತ್ತಿದ್ದ ಮಕ್ಕಳು ಆ ಗೆರೆಗಳ ಮುಂದೆ ನಿಂತು ಕಾಲು, ಅರೆ, ಮುಕ್ಕಾಲು ಅಂಗುಲಗಳ ಭಾಗಾಕಾರವನ್ನು ಬಾಯಿಯಲ್ಲೇ ಮಾಡುವುದನ್ನು ಕಂಡಿದ್ದೇನೆ.

ಅವನತಿ ಯಾವಾಗ ಮೊದಲಾಯಿತೆಂದು ತಿಥಿಯನ್ನು ಗೊತ್ತುಮಾಡಿ ಹೇಳುವಂತಿಲ್ಲ. 1991ರ ಉದಾರೀಕರಣದ ಅನಂತರ ವಿದೇಶದ ಸರಕುಗಳು ಪೇಟೆಗೆ ಬಂದವು. 1994ರಲ್ಲಿ ಸುಷ್ಮಿತಾ ಸೇನ್ ಭುವನಸುಂದರಿಯೂ ಐಶ್ವರ್ಯಾ ರೈ ವಿಶ್ವಸುಂದರಿಯೂ ಆದರು. 1996ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ವಿಶ್ವಸುಂದರಿ ಸ್ಪರ್ಧೆ ಪ್ರತಿಭಟನೆಗಳ ನಡುವೆ ಜರುಗಿತು. ಸೌಂದರ್ಯವೆಂಬುದು ಒಂದು ದೊಡ್ಡ ವ್ಯಾಪಾರವಾದ ಕಾಲ ಅದು. ಆದರೆ ಅದೇ ಸುಷ್ಮಿತಾ ಸೇನ್ ಭಾರತಸುಂದರಿಯಾದಾಗ ಧರಿಸಿದ್ದ ಗೌನು ದೆಹಲಿಯ ಸಾಧಾರಣ ದರ್ಜಿಯೊಬ್ಬನು ಪರದೆಯ ಬಟ್ಟೆಯಲ್ಲಿ ಹೊಲಿದುಕೊಟ್ಟದ್ದೆಂದು ಆಕೆಯೇ ಮುಂದೆ ಹೇಳಿಕೊಂಡಳು. ಫ್ಯಾಷನ್ ಪತ್ರಿಕೆಯಾದದ್ದು ಹುಡುಕಿಕೊಂಡು ಹೋಗಬೇಕಾದ ಕಥೆ ಇದು. ಆ ದರ್ಜಿ ಪರದೆಯ ಬಟ್ಟೆಗೆ ಆ ಬೀಳುವಿಕೆಯನ್ನು ತಂದುದು ಹೇಗೆ, ಹೆಗಲಿಗೆ ಏನು ಆಧಾರ ಕೊಟ್ಟ ಎಂಬುದನ್ನು ಕೇಳಿ ತಿಳಿದು ಓದುಗರಿಗೆ ತಿಳಿಸಬೇಕಾದದ್ದು ಅದರ ಕರ್ತವ್ಯವಾಗಿತ್ತು. ನನ್ನ ಪತ್ರಿಕೆ ಅದನ್ನು ಮಾಡಲಿಲ್ಲ. ಅದು ಕಿರೀಟದ ಚಿತ್ರವನ್ನು ಎರಡು ಪುಟಗಳಲ್ಲಿ ಹರಡಿ ಸುಮ್ಮನಾಯಿತು.

ಮೊದಲು ನಕ್ಷೆಯ ಹಾಳೆ ಪ್ರತಿ ತಿಂಗಳೂ ಬರುವುದು ನಿಂತು ಅಪರೂಪಕ್ಕೊಮ್ಮೆ ಬರತೊಡಗಿತು; ಬಳಿಕ ಅದೂ ನಿಂತಿತು. ಓದುಗರ ಪತ್ರಗಳ ಅಂಕಣ ಒಂದು ಪುಟದಿಂದ ಅರ್ಧ ಪುಟಕ್ಕಿಳಿದು ಮಾಯವಾಯಿತು. ಜಾಹೀರಾತಿನ ಪುಟಗಳು ಬೆಳೆದವೆಂದು ನಾನು ದೂರುವುದಿಲ್ಲ, ಜಾಹೀರಾತಿಲ್ಲದೆ ಪತ್ರಿಕೆ ನಡೆಯದೆಂಬುದನ್ನು ಬಲ್ಲೆ. ಲೇಖನಕ್ಕೂ ಜಾಹೀರಾತಿಗೂ ಇದ್ದ ಗಡಿ ಅಳಿಸಿಹೋದದ್ದು ನನಗೆ ನೋವು ತಂದಿತು. ಬಟ್ಟೆಯ ಹೆಸರು ಇರುತ್ತಿದ್ದ ಜಾಗದಲ್ಲಿ ಅಂಗಡಿಯ ಹೆಸರು ಬಂತು. ಅಳತೆ ಇರುತ್ತಿದ್ದ ಜಾಗದಲ್ಲಿ ಬೆಲೆ ಬಂತು. ಕೊನೆಗೆ ಆ ಬೆಲೆಯೂ ಹೋಗಿ, ವಿಚಾರಿಸಿದವರಿಗೆ ತಿಳಿಸಲಾಗುವುದೆಂಬ ಒಂದು ವಾಕ್ಯ ಉಳಿಯಿತು. ತನ್ನ ಓದುಗಾರ್ತಿ ಅದನ್ನು ಹೊಲಿಯಲಾರಳು ಮಾತ್ರವಲ್ಲ, ಕೊಳ್ಳಲೂ ಆರಳೆಂಬುದನ್ನು ಪತ್ರಿಕೆಯೇ ಒಪ್ಪಿಕೊಂಡಂತಾಯಿತು. ಮತ್ತೆ ಆಕೆಗಾಗಿ ಉಳಿದದ್ದೇನು? ನೋಡುವುದೊಂದೇ.

ತಪ್ಪುಗಳ ವಿಷಯವನ್ನೂ ಹೇಳಬೇಕು. ಈಚೆಗೆ ಒಂದು ಸಂಚಿಕೆಯಲ್ಲಿ ನಟಿಯೊಬ್ಬಳು ಉಟ್ಟ ಸೀರೆಯನ್ನು ಕೈಮಗ್ಗದ ಇಳಕಲ್ ಸೀರೆಯೆಂದು ವರ್ಣಿಸಿದ್ದರು. ಇಳಕಲ್ಲಿನ ಸೀರೆಯನ್ನು ಬಲ್ಲವರಿಗೆ ಅದರ ಲಕ್ಷಣ ಗೊತ್ತು. ಒಡಲಿನ ಹಾಸುನೂಲನ್ನೂ ಸೆರಗಿನ ರೇಷ್ಮೆಯ ಹಾಸುನೂಲನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುವುದು ಅದರ ವೈಶಿಷ್ಟ್ಯ. ಕೆಂಪು ಬಿಳುಪಿನ ತೋಪ್ ತೆನಿ ಸೆರಗು ಆ ಕೊಂಡಿಯಿಂದಲೇ ಸಾಧ್ಯವಾಗುತ್ತದೆ. ಚಿತ್ರದಲ್ಲಿದ್ದ ಸೀರೆಯ ಸೆರಗಿನ ತೆನೆ ನೇಯ್ದದ್ದಲ್ಲ, ಅಚ್ಚುಹಾಕಿದ್ದು. ಸೆರಗು ಒಂದೆಡೆ ಮಡಚಿ ಒಳಮೈ ಕಾಣುವಲ್ಲಿ ಬಣ್ಣ ಮಾಸಲಾಗಿ, ಬಿಳಿಯ ನೆಲ ಎದ್ದು ತೋರುತ್ತಿತ್ತು. ನಾನು ವಿವರವಾಗಿ ಒಂದು ಪತ್ರ ಬರೆದೆ. ಉತ್ತರ ಬರಲಿಲ್ಲ, ಮುಂದಿನ ಸಂಚಿಕೆಗಳಲ್ಲಿ ತಿದ್ದುಪಡಿಯೂ ಬರಲಿಲ್ಲ. ಉತ್ತರ ಬಾರದ್ದಕ್ಕೆ ನನಗೆ ಮಾನಾಪಮಾನದ ಪ್ರಶ್ನೆಯಿಲ್ಲ. ಒಂದು ಕಾಲದಲ್ಲಿ ಅರ್ಧ ಅಂಗುಲಕ್ಕೆ ನಿದ್ದೆಗೆಡುತ್ತಿದ್ದ ಮನೆಯಲ್ಲಿ ಇಂದು ಇಡಿಯ ಸೀರೆಯೇ ಸುಳ್ಳಾದರೂ ಯಾರಿಗೂ ಏನೂ ಅನ್ನಿಸದಿರುವ ಸ್ಥಿತಿ ಬಂತಲ್ಲ ಎಂಬುದೇ ನನ್ನ ಖೇದ. ಆ ಹೆಸರಿನಿಂದ ಬದುಕುವ ಇಳಕಲ್ಲಿನ ನೇಕಾರರಿಗೆ ಇದರಿಂದ ಆಗುವ ನಷ್ಟವನ್ನು ಯಾರು ತುಂಬಿಕೊಡಬೇಕು?

ಕಾಲ ಬದಲಾಯಿತು, ಈಗ ಮನೆಯಲ್ಲಿ ಯಾರು ಹೊಲಿಯುತ್ತಾರೆ, ಸಿದ್ಧ ಉಡುಪು ಇಷ್ಟು ಸುಲಭವಾಗಿ ದೊರೆಯುವಾಗ ನಕ್ಷೆಯ ಹಾಳೆ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು; ಆದರೆ ಅದನ್ನು ಕೇಳತಕ್ಕವರು ಒಮ್ಮೆ ಚಂದಾಪುರಕ್ಕೆ ಬಂದು ನೋಡಬೇಕು. ಸರ್ಕಲಿನಿಂದ ಆನೇಕಲ್ ರಸ್ತೆಯಲ್ಲಿ ನಡೆದರೆ ಹೆಜ್ಜೆಗೊಂದರಂತೆ ಲೇಡೀಸ್ ಟೈಲರುಗಳ ಅಂಗಡಿಗಳು ಕಾಣುತ್ತವೆ. ನಮ್ಮ ದೇಶದಲ್ಲಿ ಸೀರೆ ಉಡುವ ಹೆಂಗಸು ಇರುವ ತನಕ ರವಿಕೆಯನ್ನು ಅವಳ ಮೈಗೇ ಅಳೆದು ಹೊಲಿಯಬೇಕಾದ ಆವಶ್ಯಕತೆ ಇದ್ದೇ ಇರುತ್ತದೆ. ಮನೆಮನೆಗಳಲ್ಲಿ ಸೀರೆಗೆ ಫಾಲ್ಸ್ ಹಚ್ಚುವ, ಕುಚ್ಚು ಕಟ್ಟುವ ಹೆಣ್ಣುಮಕ್ಕಳಿದ್ದಾರೆ. ಮದುವೆಯ ರವಿಕೆಗೆ ಹೆಚ್ಚುತ್ತಿರುವ ಬೇಡಿಕೆಯನ್ನು ಕಂಡು ಕಟಿಂಗ್ ಕಲಿಯಬೇಕೆನ್ನುವ ಎಳೆಯರು ಫೋನಿನಲ್ಲಿ ವಿಡಿಯೋ ನೋಡಿ ಕಲಿಯುತ್ತಿದ್ದಾರೆ. ಅವುಗಳಲ್ಲಿ ಒಳ್ಳೆಯವೂ ಇವೆ, ಅಳತೆ ತಪ್ಪಾಗಿದ್ದರೂ ತಿದ್ದುವವರಿಲ್ಲದವೂ ಇವೆ. ಬೇಡಿಕೆ ಬತ್ತಲಿಲ್ಲ, ಬೇಡಿಕೆಯನ್ನು ಪೂರೈಸುವ ಧರ್ಮವನ್ನು ಪತ್ರಿಕೆ ತಾನಾಗಿ ಬಿಟ್ಟುಕೊಟ್ಟಿತು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯುಂಟು. ಬೊಮ್ಮನಹಳ್ಳಿಯಿಂದ ಅತ್ತಿಬೆಲೆಯವರೆಗೆ ಹೊಸೂರು ರಸ್ತೆಯ ಎರಡು ಬದಿಗಳಲ್ಲಿರುವ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಪ್ರತಿದಿನ ಬೆಳಗ್ಗೆ ಸಾವಿರಾರು ಹೆಂಗಸರು ಹೋಗುತ್ತಾರೆ. ಆ ಪತ್ರಿಕೆಯ ಪುಟಗಳಲ್ಲಿ ಮೆರೆಯುವ ಬ್ರಾಂಡುಗಳ ಅಂಗಿಗಳ ಕಾಲರು, ಕಫು, ಕಾಜಗಳು ಇಂಥ ಕೈಗಳಿಂದ ಹಾದುಹೋಗುತ್ತವೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಂಥ ಒಂದು ಕಾರ್ಖಾನೆಯಲ್ಲಿ ಬಹುಕಾಲ ಟೈಲರಾಗಿದ್ದು ಈಗ ಚೆಕ್ಕಿಂಗಿನಲ್ಲಿದ್ದಾಳೆ. ಭಾನುವಾರ ಮನೆಗೆ ಬಂದಿದ್ದವಳು ಮೇಜಿನ ಮೇಲಿದ್ದ ಹೊಸ ಸಂಚಿಕೆಯನ್ನು ತಿರುವುತ್ತ ಒಂದು ಪುಟದ ಬಳಿ ನಿಂತು, ರೂಪದರ್ಶಿಯ ಹೆಗಲ ಮೇಲೆ ಬೆರಳಿಟ್ಟು, "ಮಿಸ್, ಇಲ್ನೋಡಿ, ಹಿಂದುಗಡೆ ಕ್ಲಿಪ್ ಹಾಕಿ ಎಳ್ದವ್ರೆ. ಅದ್ಕೇ ಶೋಲ್ಡರ್ ಹಿಂದಕ್ಕೆ ಹೋಗೈತೆ. ನಮ್ ಬ್ಯಾಚಲ್ಲಿ ಈ ಪೀಸ್ ಬಂದ್ರೆ ಚೆಕ್ಕಿಂಗಲ್ಲೇ ವಾಪಸ್ ಕಳ್ಸ್‌ತೀವಿ" ಎಂದಳು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಅವಳು ಹೇಳಿದ್ದು ನಿಜವಾಗಿತ್ತು. ಎದೆಯ ಮೇಲೆ ಅಷ್ಟು ನೀಟಾಗಿ ಕೂತಂತೆ ಕಾಣುವ ಉಡುಪಿನ ಪಕ್ಕದ ಹೊಲಿಗೆ ಬೆನ್ನಿನ ಕಡೆಗೆ ಸೊಟ್ಟಗೆ ತಿರುಗಿತ್ತು. ಕಾಲು ಅಂಗುಲ ಹೆಚ್ಚುಕಡಿಮೆಯಾದರೆ ಅವಳ ಕೈಯಿಂದ ಪೀಸು ಲೈನಿಗೆ ಹಿಂದಿರುಗುತ್ತದೆ. ಟಾರ್ಗೆಟ್ ಮುಟ್ಟದಿದ್ದರೆ ಸೂಪರ್‌ವೈಸರನ ಮಾತು ಕೇಳಬೇಕಾಗುತ್ತದೆ. ಅಂಗಿಯನ್ನು ಹೊಲಿಯುವ ಬಡಹೆಂಗಸಿಗೆ ವಿಧಿಸಿರುವ ಈ ಕಟ್ಟುನಿಟ್ಟು, ಆ ಅಂಗಿಯ ವೈಭವವನ್ನು ಜಗತ್ತಿಗೆ ಸಾರುವ ಪತ್ರಿಕೆಗೆ ಇಲ್ಲವೆಂಬುದನ್ನು ಕಂಡು ನನ್ನ ಮನಸ್ಸು ಕಹಿಯಾಯಿತು.

2016ರ ಏಪ್ರಿಲಿನಲ್ಲಿ ಈ ಹೆಂಗಸರು ಬೀದಿಗಿಳಿದುದನ್ನು ಬೆಂಗಳೂರಿನವರು ಮರೆತಿರಲಾರರು. ಭವಿಷ್ಯನಿಧಿಗೆ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವತನಕ ಹಿಂಪಡೆಯಬಾರದೆಂಬ ಹೊಸ ನಿಯಮವನ್ನು ಪ್ರತಿಭಟಿಸಿ, ಆ ತಿಂಗಳ 18 ಮತ್ತು 19ರಂದು ಅವರು ಹೊಸೂರು ರಸ್ತೆಯನ್ನು ತಡೆದು ಕುಳಿತರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಳ್ಳಬೇಕಾಯಿತು. ಮಗಳ ಮದುವೆಗೋ ಮನೆಯ ರಿಪೇರಿಗೋ ಆ ಹಣವೇ ಗತಿಯಾದವರ ಕೂಗು ಅದು. ಹಿಂದೆ ನೇಕಾರನ ಕೈಯನ್ನು ಪುಟದ ತುಂಬ ತೋರಿಸುತ್ತಿದ್ದ ನನ್ನ ಪತ್ರಿಕೆ ಈ ಹೊಲಿಯುವ ಕೈಗಳ ವಿಚಾರವಾಗಿ ಏನಾದರೂ ಬರೆದೀತೆಂದು ಮುಂದಿನ ಸಂಚಿಕೆಗಳನ್ನು ಆಸೆಯಿಂದ ತೆರೆದೆ. ಬೇಸಗೆಗೆ ತಕ್ಕ ಬಣ್ಣಗಳಾವುವೆಂಬ ಲೇಖನವಿತ್ತು. ಸಮುದ್ರತೀರದ ವಿಹಾರಕ್ಕೆ ತಕ್ಕ ಟೋಪಿಗಳ ಚಿತ್ರಗಳಿದ್ದವು. ಮೂರು ವರ್ಷ ಮುಂಚೆ, 2013ರ ಏಪ್ರಿಲ್ 24ರಂದು, ಬಾಂಗ್ಲಾದೇಶದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು ಸಾವಿರದ ನೂರಕ್ಕೂ ಮಿಕ್ಕಿ ಜನ ಸತ್ತಾಗಲೂ ಅದರಲ್ಲಿ ಒಂದು ಸಾಲು ಕಾಣಿಸಿರಲಿಲ್ಲ. ಹೊಲಿಯುವ ಓದುಗಾರ್ತಿಯನ್ನು ಮರೆತ ಪತ್ರಿಕೆ ಹೊಲಿಯುವ ಕೆಲಸಗಾರ್ತಿಯನ್ನೂ ಮರೆಯುವುದು ಸಹಜವೆಂದು ಅಂದು ನನಗೆ ಅರಿವಾಯಿತು. ಎರಡೂ ಒಂದೇ ಮರೆವಿನ ಎರಡು ಮುಖಗಳು.

ಹೀಗಲ್ಲದೆ ಬೇರೆ ದಾರಿಯಿಲ್ಲವೆಂದು ಯಾರೂ ಹೇಳದಿರಲಿ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನರ ಪ್ರೇರಣೆಯಿಂದ ಬೆಳೆದ 'ಚರಕ' ಮಹಿಳಾ ಸಹಕಾರ ಸಂಘದವರು, ಹಳ್ಳಿಯ ಹೆಂಗಸರು ನೇಯ್ದ, ಗಿಡಮರಗಳ ಬಣ್ಣದಲ್ಲಿ ಅದ್ದಿದ ಬಟ್ಟೆಯಿಂದ ಜುಬ್ಬಾ, ಕುರ್ತಾಗಳನ್ನು ಹೊಲಿದು, ಅದನ್ನು ಉಡುವುದು ಒಂದು ಅಭಿರುಚಿಯೆಂಬುದನ್ನು ನಾಡಿಗೆ ಕಾಣಿಸಿಕೊಟ್ಟಿದ್ದಾರೆ. ಮಾಡುವವರನ್ನು ಮರೆಯದೆಯೂ ಚೆಲುವಿನ ಮಾತನಾಡಬಹುದೆಂಬುದಕ್ಕೆ ಇದು ನಮ್ಮ ನಾಡಿನ ಸಾಕ್ಷಿ. ಉಡುಗೆಯ ಸೊಗಸನ್ನು ನಾನೇನೂ ಹಗುರವಾಗಿ ಕಾಣುವವಳಲ್ಲ. ಜಾತ್ರೆಯ ದಿನ ಹೊಸ ಲಂಗ ತೊಟ್ಟ ಹುಡುಗಿಯ ಮುಖದ ಕಳೆಯನ್ನು ನೋಡುತ್ತ ಬೆಳೆದವಳಿಗೆ ಆ ಸಂತೋಷದ ಬೆಲೆ ಗೊತ್ತಿದೆ. ಅದಕ್ಕಾಗಿಯೇ ಆ ಸಂತೋಷವನ್ನು ಹಂಚುವ ಪತ್ರಿಕೆ ಸತ್ಯವಾಗಿರಬೇಕೆಂದು ನನ್ನ ಹಟ.

ಈ ವರ್ಷ ಚಂದಾವನ್ನು ಮುಂದುವರಿಸಲಿಲ್ಲ. ಹೊಸ ಪತ್ರಿಕೆಗಳನ್ನು, ಕನ್ನಡದಲ್ಲಿಯೇ ಆಗಲಿ ಇಂಗ್ಲಿಷಿನಲ್ಲಿಯೇ ಆಗಲಿ, ನಡೆಸುವ ತರುಣ ತರುಣಿಯರಲ್ಲಿ ನನ್ನದೊಂದು ಬಿನ್ನಹವಿದೆ: ತಿಂಗಳಿಗೆ ಒಂದೇ ಒಂದು ಉಡುಪನ್ನಾದರೂ, ಬಟ್ಟೆಯ ನಿಜವಾದ ಹೆಸರಿನೊಡನೆ, ಅಳತೆಯೊಡನೆ, ಅದನ್ನು ನೇಯ್ದವರ ಹೊಲಿದವರ ಕೂಲಿಯ ವಿವರದೊಡನೆ ಅಚ್ಚುಮಾಡಿ, ತಪ್ಪಾದರೆ ಮುಂದಿನ ಸಂಚಿಕೆಯಲ್ಲಿ ತಿದ್ದಿ. ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ: ನಿಮ್ಮ ಅಟ್ಟದಲ್ಲಿ, ಅಜ್ಜಿಯ ಪೆಟ್ಟಿಗೆಯಲ್ಲಿ ಇಂಥ ಹಳೆಯ ನಕ್ಷೆಹಾಳೆಗಳು ಇದ್ದರೆ ರದ್ದಿಗೆ ಹಾಕಬೇಡಿ, ನಿಮ್ಮ ಊರಿನ ಹೊಲಿಗೆ ತರಬೇತಿ ಕೇಂದ್ರಕ್ಕೆ ಕೊಡಿ. ಇಂದು ಕತ್ತರಿ ಹಿಡಿಯಲು ಕಲಿಯುತ್ತಿರುವ ಹುಡುಗಿಯರಿಗೆ ಅವು ಈಗಲೂ ಉಪಯೋಗಕ್ಕೆ ಬರುತ್ತವೆ.